ಕೇಳದೇ ಉಳಿದ ಗುಳಿಗೆ

"ಕ್ಯಾನ್ಸರ್ ಅಲ್ಲ" ಎಂದು ಹೇಳುವಾಗ ನನ್ನ ದನಿ ತಾನಾಗಿಯೇ ದೊಡ್ಡದಾಗುತ್ತದೆ. ದಿನವಿಡೀ ಕೆಟ್ಟ ಸುದ್ದಿಯನ್ನೇ ಹೇಳುವವಳಿಗೆ ಅಂಥದೊಂದು ಮಾತು ಸಿಕ್ಕರೆ ಅದೇ ಹಬ್ಬ. ಆ ಹೆಣ್ಣುಮಗಳಿಗೂ ಹಾಗೇ ಹೇಳಿದ್ದೆ. "ಲಿವರಿನಾಗ ಗಂಟು ಅದ, ಖರೆ. ಆದ್ರ ಕ್ಯಾನ್ಸರ್ ಅಲ್ರಿ. ಸಾಯೂವಂಥಾ ಜಡ್ಡಲ್ಲ ಇದು." ಈಗ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಹೊಟ್ಟೆ ಕೊಯ್ಯುವ ಡಾಕ್ಟರಲ್ಲ. ತೊಡೆಯ ಸಂದಿನಲ್ಲಿ ಒಂದು ತೂತು ಮಾಡಿ, ರಕ್ತನಾಳದೊಳಗೆ ನೂಡಲ್ಸಿನಷ್ಟು ತೆಳ್ಳಗಿನ ನಳಿಕೆ ಸೇರಿಸಿ, ಎಕ್ಸ್-ರೇ ಪರದೆ ನೋಡುತ್ತ ಗಂಟಿನ ಬಾಗಿಲವರೆಗೂ ಹೋಗಿ, ಅದಕ್ಕೆ ರಕ್ತ ಹೋಗುವ ದಾರಿಯನ್ನು ಒಳಗಿನಿಂದಲೇ ಮುಚ್ಚಿ ಬರುವುದು ನನ್ನ ಕೆಲಸ. ಕೆಲವು ಗಂಟುಗಳಿಗೆ ಹೊರಗಿನಿಂದಲೇ ಸೂಜಿ ಚುಚ್ಚಿ ಮೈಕ್ರೋವೇವ್ ಶಾಖದಿಂದ ಸುಡುತ್ತೇನೆ. ಸಂಜೆ ಮಾಡಿದರೆ ಮರುದಿನ ಪೇಷಂಟ್ ಎದ್ದು ಓಡಾಡುತ್ತಾರೆ. ಈ ಕೆಲಸದ ಬಗ್ಗೆ ನನಗೆ ಸೊಕ್ಕಿತ್ತು. ಇತ್ತು ಎಂದೇ ಬರೆಯುತ್ತೇನೆ.

ಚಂಪಾಷಷ್ಠಿ ಮುಗಿದು ಎರಡು ವಾರವಾಗಿತ್ತು. ಊಟಕ್ಕೆ ಏಳುವ ಹೊತ್ತಿಗೆ ಎಮರ್ಜೆನ್ಸಿಯಿಂದ ಕರೆ ಬಂತು. ಮೂವತ್ತಾರು ವರ್ಷದ ಹೆಣ್ಣುಮಗಳು, ಬಲಗಡೆ ಪಕ್ಕೆಲುಬಿನ ಕೆಳಗೆ ಎರಡು ದಿನದಿಂದ ನೋವು, ಮೈಯಲ್ಲಿ ರಕ್ತ ಕಡಿಮೆ. ಸಿ.ಟಿ.ಯಲ್ಲಿ ಲಿವರಿನ ಬಲಭಾಗದ ಹಿಂದೆ, ಮೇಲ್ಗಡೆ, ಏಳು ಸೆಂಟಿಮೀಟರಿನ ಗಂಟು; ಗಂಟಿನೊಳಗೇ ಸ್ವಲ್ಪ ರಕ್ತ ಒಸರಿ ನಿಂತಿತ್ತು. ನಾನು ಹೋದಾಗ ನಮ್ಮ ಜೂನಿಯರ್ ಡಾಕ್ಟರ್ ಮರಾಠಿಯಲ್ಲಿ ಮೂರನೆಯ ಸಲ ಅದೇ ಪ್ರಶ್ನೆ ಕೇಳುತ್ತಿದ್ದ. ಪಕ್ಕದಲ್ಲಿ ನಿಂತ ಆಕೆಯ ಅತ್ತೆ ಕನ್ನಡದಲ್ಲಿ ಗೊಣಗಿದರು: "ಎಷ್ಟ ಸಲಾ ಕೇಳ್ತಾನ ನೋಡು ಇಂವಾ. ಮೊದಲಿಂದ ಬರಕೊಂಡಿಲ್ಲೇನು?"

"ಯಾವೂರವ್ರಿ ನೀವು?" ಅಂದೆ.

ಈ ಮರಾಠಿ ಊರಿನಲ್ಲಿ ಕನ್ನಡ ಕೇಳಿ ಅವರು ಬೆಚ್ಚಿ ನನ್ನನ್ನು ನೋಡಿದರು. "ಬೆಳಗಾವಿ ಕಡೇವ್ರಿ. ಈಗ ಇಲ್ಲೇ ಕೊಂಢವಾದಾಗ ಇರ್ತೀವಿ."

"ನಂದು ಧಾರವಾಡ್ರಿ."

"ಅಯ್ಯ ಶಿವನ! ನಮ್ಮ ಮಂದಿನೇ ಸಿಕ್ಕರಲ್ಲವಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಗಳಿಗೆಯಿಂದ ಅವರ ಪಾಲಿಗೆ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಅಂದರೆ ನಾನೊಬ್ಬಳೇ. ಗಂಡ ಮಗರಪಟ್ಟಾದ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಸಮವಸ್ತ್ರದಲ್ಲೇ ಓಡಿ ಬಂದಿದ್ದ. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ನೋವಿನಲ್ಲಿ ಮುಖ ಕಿವುಚಿಕೊಂಡೇ ನನ್ನ ಏಪ್ರನ್ ಸಂದಿಯಿಂದ ಕಾಣುತ್ತಿದ್ದ ರವಿಕೆಯ ತೋಳನ್ನು ನೋಡಿ, "ಮ್ಯಾಡಮ್, ಜಂಪರ್ ತೋಳು ಭಾಳ ಬಿಗಿ ಆಗ್ಯಾವ್ರಿ. ಯಾರ ಹೊಲದಾರ?" ಅಂದಳು.

"ಸುಮ್ಮನ ಮಲಕೋರಿ ನೀವು. ಮೊದಲ ನಿಮ್ಮ ಹೊಟ್ಟಿ ನೋಡೂಣು," ಅಂದೆ. ಆಕೆ ನಕ್ಕಳು, ನಗುವಾಗ ನೋವು ಎಳೆದು ಪಕ್ಕೆ ಹಿಡಿದುಕೊಂಡಳು.

ಎಂ.ಆರ್.ಐ. ಮಾಡಿಸಿದೆವು, ಸಣ್ಣ ಚೂರು ತೆಗೆದು ಪರೀಕ್ಷೆಗೂ ಕಳಿಸಿದೆವು. ಅಡಿನೋಮಾ. ಲಿವರಿನದೇ ಜೀವಕೋಶಗಳು ಒಂದೆಡೆ ಗುಂಪಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ಅದರಲ್ಲಿ ಭಯ ಎರಡೇ: ಒಡೆದು ರಕ್ತ ಸುರಿಯಬಹುದು; ಬಹಳ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಬಹುದು. ಹೆಣ್ಣು ಹಾರ್ಮೋನು ಅದರ ಗೊಬ್ಬರ. ಹಾಗಾಗಿ ಈ ಗಂಟು ಕಂಡ ಕೂಡಲೇ ಯಾವ ಡಾಕ್ಟರೂ ಕೇಳುವ ಮೊದಲ ಪ್ರಶ್ನೆಯನ್ನು ನಾನೂ ಕೇಳಿದೆ.

"ಮಕ್ಕಳಾಗಬಾರದಂತ ಗುಳಿಗಿ ಏನರ ತಗೋತೀರೇನು?"

"ಅಯ್ಯ, ಇಲ್ರಿ ಮ್ಯಾಡಮ್! ಎರಡ ಹೆಣ್ಣಾದಮ್ಯಾಲೆ ಆಪರೇಷನ್ ಆಗ್ಯದ್ರಿ. ಗುಳಿಗಿ ಯಾಕ ಬೇಕ್ರಿ?"

"ಬ್ಯಾರೆ ಏನರ? ಬೀಪಿ, ಶುಗರ್, ಥೈರಾಯ್ಡ್?"

"ಏನೂ ಇಲ್ರಿ. ತಲಿನೋವಿಗೂ ಗುಳಿಗಿ ನುಂಗಾಂಗಿಲ್ರಿ ನಾ."

ಅತ್ತೆ ಕೂಡ ತಲೆಯಾಡಿಸಿದರು. ಹಾರ್ಮೋನ್: ಇಲ್ಲ, ಎಂದು ಬರೆದೆ. ಎರಡು ಮಕ್ಕಳಾಗಿ ಆಪರೇಷನ್ ಆದವಳು ಆ ಗುಳಿಗೆ ಯಾಕೆ ತೆಗೆದುಕೊಂಡಾಳು? ಅರ್ಧ ನಿಮಿಷವೂ ಹಿಡಿದಿರಲಿಲ್ಲ ಆ ಮಾತುಕತೆ. ಮುಂದಿನ ಪ್ರಶ್ನೆಗೆ ಹೋದೆ.

ನಮ್ಮ ಲಿವರ್ ಸರ್ಜನ್ ಮರಾಠಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಫಿಲ್ಮ್ ನೋಡಿ, "ಕಾಢೂನ್ ಟಾಕೂ ಯಾ," ತೆಗೆದೇ ಬಿಡೋಣ, ಅಂದರು. ನಾನು ಬಿಡಲಿಲ್ಲ. ಗಂಟು ಇದ್ದದ್ದು ಲಿವರಿನ ಹಿಂಭಾಗದಲ್ಲಿ, ಮೇಲೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆಯಾದ ವಪೆಗೆ ತಾಗಿಕೊಂಡು. ಅಲ್ಲಿಗೆ ಸಣ್ಣ ತೂತಿನ ಮೂಲಕ ದುರ್ಬೀನಿನಿಂದ ಹೋಗುವುದು ಕಷ್ಟ, ಪಕ್ಕೆಲುಬಿನ ಗುಂಟ ದೊಡ್ಡದಾಗಿ ಕೊಯ್ಯಬೇಕು. ಈಗಷ್ಟೇ ರಕ್ತ ಒಸರಿದೆ. ಮೊದಲು ರಕ್ತದ ದಾರಿ ಮುಚ್ಚೋಣ, ಗಂಟು ಕುಗ್ಗಲಿ, ಉಳಿದದ್ದನ್ನು ಸೂಜಿಯಲ್ಲಿ ಸುಡೋಣ. ಹೊಲಿಗೆ ಮಿಷನ್ ತುಳಿಯುವವಳ ಹೊಟ್ಟೆ ಯಾಕೆ ಸೀಳಬೇಕು ಎಂದೆ. ಅವರು ಒಪ್ಪಿದರು. ತಪ್ಪು ನಿರ್ಧಾರವೇನಲ್ಲ ಅದು. ಇವತ್ತು ಕೇಳಿದರೂ ಮೊದಲ ಸಲಕ್ಕೆ ಅದನ್ನೇ ಹೇಳುತ್ತೇನೆ.

ಕೆಲಸ ಒಂದೂವರೆ ತಾಸಿನಲ್ಲಿ ಮುಗಿಯಿತು. ತೊಡೆಯಿಂದ ನಳಿಕೆ ಏರಿಸಿ ಲಿವರಿನ ಮುಖ್ಯ ರಕ್ತನಾಳಕ್ಕೆ ಹೋಗಿ ಬಣ್ಣದ ಔಷಧ ಬಿಟ್ಟಾಗ ಗಂಟು ಪರದೆಯ ಮೇಲೆ ಮೋಡದಂತೆ ಎದ್ದು ಕಂಡಿತು. ಅದಕ್ಕೆ ಎರಡು ಕವಲು. ಒಳಗೆ ಇನ್ನೂ ತೆಳ್ಳಗಿನ ನಳಿಕೆ ಬಿಟ್ಟು, ಮೊದಲನೆಯದನ್ನು ಹಿಡಿದು, ಸಾಸಿವೆಗಿಂತ ಎಷ್ಟೋ ಸಣ್ಣ ಮಣಿಗಳನ್ನು ಬಣ್ಣದಲ್ಲಿ ಕಲಸಿ ನಿಧಾನವಾಗಿ ತಳ್ಳಿದೆ. ಎರಡನೆಯ ಕವಲು ಮೊಂಡು, ಮೂರು ಸಲ ತಂತಿ ಬದಲಿಸಬೇಕಾಯಿತು. ಕೊನೆಗೆ ಅದೂ ಮುಚ್ಚಿತು. ಮತ್ತೆ ಬಣ್ಣ ಬಿಟ್ಟರೆ ಮೋಡ ಇಲ್ಲ. ಟೆಕ್ನಿಷಿಯನ್ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದ.

ಬಿಡುಗಡೆಯ ದಿನ ಅತ್ತೆ ಒಂದು ಶಾಲಾ ನೋಟುಬುಕ್ಕು ತಂದಿದ್ದರು. ದೊಡ್ಡ ಮೊಮ್ಮಗಳು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು, ಅತ್ತೆ ಕೇಳುವುದು.

"ಬದನೀಕಾಯಿ ನಂಜೇನ್ರಿ?"

"ಅಲ್ರಿ. ತಿನ್ಲಿ."

"ಬಾಳೆಹಣ್ಣು? ಥಂಡಿ ಆಗೂದಿಲ್ಲ?"

"ಇಲ್ರಿ."

"ಭಾರ ಎತ್ತಬಹುದೇನ್ರಿ? ಕೊಡಪಾನ?"

"ಬ್ಯಾಡ. ಮೆಟ್ಟಲಾನೂ ಭಾಳ ಹತ್ತಬ್ಯಾಡ್ರಿ, ಗಂಟು ಪೂರ್ತಿ ಹೋಗೂತನಕ."

"ನಾವಿರೂದು ಎರಡನೇ ಮಾಳಿಗಿಮ್ಯಾಲೆ, ಲಿಫ್ಟಿಲ್ರಿ," ಅಂದ ಗಂಡ. ಊರಿನವರ ಲಿಫ್ಟೆಲ್ಲ ರಿಪೇರಿ ಮಾಡುವವನ ಮನೆಗೇ ಲಿಫ್ಟಿಲ್ಲ ಎಂದು ಹೆಂಡತಿಯೇ ಕಿಚಾಯಿಸಿದಳು. ಕುರ್ಚಿಯಲ್ಲಿ ಕೂಡಿಸಿ ಹೊತ್ತು ಒಯ್ಯುತ್ತೇನೆ ಅಂದ, ಹಾಗೆಯೇ ಮಾಡಿದನಂತೆ. ನಾಲ್ಕು ಪುಟ ತುಂಬಿತ್ತು. ನನಗೆ ಬೇಸರವಾಗಲಿಲ್ಲ, ಇಷ್ಟು ಮಾತು ಕೇಳುವ ಮಂದಿ ಯಾರಿಗೆ ಸಿಗುತ್ತಾರೆ? ನೋಟುಬುಕ್ಕಿನ ಕೊನೆಗೆ ನನ್ನ ಸಹಿ ಬೇಕೆಂದರು ಅತ್ತೆ. ಹಾಕಿದೆ.

ಮೂರು ತಿಂಗಳಿಗೆ, ಫಾಲ್ಗುಣದಲ್ಲಿ, ಎಂ.ಆರ್.ಐ. ತೆಗೆದಾಗ ಏಳು ಸೆಂಟಿಮೀಟರ್ ಇದ್ದದ್ದು ನಾಲ್ಕೂವರೆಯಾಗಿತ್ತು. ಹಳೆಯದೂ ಹೊಸದೂ ಎರಡೂ ಫಿಲ್ಮ್ ಅಕ್ಕಪಕ್ಕ ಹಚ್ಚಿ ಸರ್ಜನ್ ಅವರನ್ನು ಕರೆದು ತೋರಿಸಿದೆ. ಅವರು, "ಛಾನ್," ಚೆನ್ನಾಗಿದೆ, ಎಂದಷ್ಟೇ ಹೇಳಿ ಹೋದರು. ಇನ್ನೂ ಕುಗ್ಗುತ್ತದೆ, ಆರು ತಿಂಗಳು ಬಿಟ್ಟು ನೋಡೋಣ, ಆಗ ಸೂಜಿಯೂ ಬೇಕಾಗಲಿಕ್ಕಿಲ್ಲ ಎಂದು ಆಕೆಗೂ ಮನೆಯವರಿಗೂ ಹೇಳಿ ಕಳಿಸಿದೆ. ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಇಳಕಲ್ ಖಣದ ಜಂಪರ್. ಅಳತೆ ಯಾವಾಗ ತಗೊಂಡಿರಿ ಎಂದು ಕೇಳಿದರೆ, "ಕಣ್ಣೀಲೆ," ಅಂದಳು. ಮನೆಗೆ ಹೋಗಿ ತೊಟ್ಟು ನೋಡಿದೆ, ಒಂದು ಹೊಲಿಗೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ಆರು ತಿಂಗಳೆಂದದ್ದು ಹಬ್ಬಗಳ ಗಡಿಬಿಡಿಯಲ್ಲಿ ಎಂಟಾಯಿತು. ದೀಪಾವಳಿ ಮುಗಿದ ಹತ್ತನೆಯ ದಿನ ಬಂದರು. ಗಂಟು ಆರು ಸೆಂಟಿಮೀಟರ್ ಆಗಿತ್ತು.

ನಾನು ಮಷಿನ್ ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದೆ. ಆರೇ. ಮುಚ್ಚಿದ್ದ ಕವಲುಗಳು ಮುಚ್ಚಿದಂತೆಯೇ ಇದ್ದವು. ಅಂಚಿನಲ್ಲಿ ಹೊಸದಾಗಿ ಬೆಳೆದಿತ್ತು. ಇಂಥ ಗಂಟು ಒಮ್ಮೆ ಕುಗ್ಗಿದ ಮೇಲೆ ಹೀಗೆ ಎದ್ದೇಳುವುದು ನಾನು ನೋಡಿರಲಿಲ್ಲ. ಆಕೆಯನ್ನು ಕೂರಿಸಿ ಕೇಳಿದೆ: "ಏನರ ಹೊಸಾ ಗುಳಿಗಿ ಚಾಲೂ ಮಾಡೀರೇನು?"

"ಇಲ್ರಿ ಮ್ಯಾಡಮ್. ಹೊಸಾದು ಏನೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ಹೊಸದೇನೂ ಇರಲಿಲ್ಲ. ನಾನು ಎರಡನೆಯ ಸಲವೂ ಅದೇ ಮುಚ್ಚಿದ ಬಾಗಿಲು ತಟ್ಟಿ ವಾಪಸು ಬಂದೆ.

ಸರ್ಜನ್ ಈ ಸಲ ದನಿ ಏರಿಸಿದರು. ಬೆಳೆಯುತ್ತಿದೆ, ವಪೆಗೆ ಅಂಟಿದೆ, ಇದೇ ವಾರ ಕೊಯ್ದು ತೆಗೆಯೋಣ ಎಂದರು. ನಾನೂ ಏರಿಸಿದೆ. ಮತ್ತೊಮ್ಮೆ ರಕ್ತದ ದಾರಿ ಮುಚ್ಚಿ, ಮರುದಿನವೇ ಎರಡು ಸೂಜಿ ಹಾಕಿ ಸುಡುತ್ತೇನೆ, ಒಂದು ಅವಕಾಶ ಕೊಡಿ ಎಂದೆ. ಖರೆ ಹೇಳಬೇಕೆಂದರೆ, ನನ್ನ ನಾಲ್ಕೂವರೆ ಸೆಂಟಿಮೀಟರು ನನ್ನಿಂದ ಕಿತ್ತುಕೊಂಡಂತಾಗಿತ್ತು. ಅದನ್ನು ವಾಪಸು ಪಡೆಯಬೇಕೆಂಬ ಹಟ ಅದರಲ್ಲಿತ್ತು. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಮಾಡು, ಆದರೆ ಬೇಗ ಮಾಡು," ಎಂದು ಮರಾಠಿಯಲ್ಲಿ ಹೇಳಿ ಎದ್ದರು. ಗುರುವಾರಕ್ಕೆ ದಿನ ಹಾಕಿದೆ.

ಅತ್ತೆ ಬಾಗಿಲಲ್ಲೇ ನಿಂತರು. "ಡಾಕ್ಟರಬಾಯಿ, ಒಂದ ಮಾತು. ಮೂರು ವಾರಕ್ಕ ಸೋಮವತಿ ಅಮಾಸಿ ಬರ್ತದ. ಜೇಜುರಿಗೆ ಹೋಗಬೇಕ್ರಿ. ಇಕಿ ಹೋದ ವರ್ಷ ಹೊಟ್ಟಿಬ್ಯಾನಿ ಬಂದಾಗ ಹರಕಿ ಹೊತ್ತಾಳ. ಅದು ತೀರಿಸಿ ಬರ್ತೀವ್ರಿ, ಆಮ್ಯಾಲ ನೀವು ಏನ ಮಾಡ್ರಿ."

ಮನೆದೇವರು ಜೇಜುರಿ ಗುಡ್ಡದ ಖಂಡೋಬಾ, ನಮ್ಮ ಕಡೆಯ ಮೈಲಾರ; ಗುಡಿಗೆ ನೂರಾರು ಮೆಟ್ಟಿಲು. ನನ್ನ ತವರಿನಲ್ಲೂ ಅದೇ ದೇವರು. ನಾನು ಆಕೆಯ ಕಡೆ ತಿರುಗಿದೆ. "ನಿಮಗೇನ ಅನಸ್ತದ?"

"ತೀರಿಸಿದ್ರ ಮನಸ ಹಗುರ ಆಗ್ತದ್ರಿ ಮ್ಯಾಡಮ್. ಆಮ್ಯಾಲ ನೀವು ಹತ್ತು ಸೂಜಿ ಚುಚ್ಚರಿ, ನಾ ಅಳೂದಿಲ್ಲ."

ನಾನು ಲೆಕ್ಕ ಹಾಕಿದೆ. ಕ್ಯಾನ್ಸರ್ ಅಲ್ಲ. ಈಗ ರಕ್ತ ಒಸರುತ್ತಿಲ್ಲ. ನೋವಿಲ್ಲ. ಮೂರು ವಾರದಲ್ಲಿ ಏನಾದೀತು? "ಹೋಗಿ ಬರ್ರಿ," ಅಂದೆ. "ಆದ್ರ ನೆನಪಿರಲಿ, ಮೆಟ್ಟಲಾ ಹತ್ತಬ್ಯಾಡ್ರಿ." ಮೊಮ್ಮಗಳು ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡಳು. ಗುರುವಾರದ ಪಟ್ಟಿಯಿಂದ ಆಕೆಯ ಹೆಸರನ್ನು ನಾನೇ ಹೊಡೆದುಹಾಕಿದೆ. ಸರ್ಜನ್‌ಗೆ ಫೋನ್ ಮಾಡಿ ತಿಳಿಸಿದೆ.

ಅಮಾವಾಸ್ಯೆಯ ಸೋಮವಾರ ಹನ್ನೆರಡರ ಸುಮಾರಿಗೆ ಗಂಡನ ಫೋನ್ ಬಂತು. ಹಿಂದೆ "ಯಳಕೋಟ ಯಳಕೋಟ ಜಯ ಮಲ್ಹಾರ" ಎಂಬ ಕೂಗು, ಡೊಳ್ಳು. ಅವನ ಮಾತು ಅರ್ಧ ಕೇಳಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ಕುಸಿದಳು, ಮೈ ತಣ್ಣಗಾಗಿದೆ, ಅಂಬುಲೆನ್ಸಿನಲ್ಲಿ ಹಾಕಿದ್ದೇವೆ. ಇಷ್ಟು ತಿಳಿಯಿತು. ಎಲ್ಲಿಯೂ ನಿಲ್ಲಿಸದೆ ಬರ್ರಿ ಎಂದು ಒದರಿದೆ. ನಳಿಕೆ ಹಾಕುವ ಕ್ಯಾಥ್ ಲ್ಯಾಬಿನಲ್ಲಿದ್ದ ಬೇರೆ ಕೆಲಸ ಮುಂದೂಡಿ ಮೇಜು ಖಾಲಿ ಮಾಡಿಸಿದೆ, ರಕ್ತದ ಚೀಲಗಳಿಗೆ ಹೇಳಿದೆ, ಸರ್ಜನ್‌ಗೆ ಹೇಳಿದೆ. ಯಾತ್ರೆಯ ದಿನ ಜೇಜುರಿಯಿಂದ ಬರುವ ಸಾಸವಡದ ರಸ್ತೆಯಲ್ಲಿ ಅಂಬುಲೆನ್ಸಿಗೂ ದಾರಿ ಇಲ್ಲ. ಎರಡೂವರೆಗೆ ಬಂದರು.

ಮೈಯೆಲ್ಲ ಭಂಡಾರ. ಕೂದಲಲ್ಲಿ, ಹುಬ್ಬಿನಲ್ಲಿ, ಉಗುರಿನ ಸಂದಿಯಲ್ಲಿ ಅರಿಸಿನ. ಅದರ ಕೆಳಗೆ ಮುಖ ಸುಣ್ಣವಾಗಿತ್ತು. ಹೊಟ್ಟೆ ಬಿಗಿದಿತ್ತು, ಬೀಪಿ ಎಪ್ಪತ್ತು. ಕಣ್ಣು ತೆರೆದು ನನ್ನನ್ನು ಗುರುತಿಸಿದಳು.

"ಮ್ಯಾಡಮ್, ಒಂದೂ ಮೆಟ್ಟಲಾ ಹತ್ತಿಲ್ರಿ ನಾ," ಅಂದಳು. "ಡೋಲ್ಯಾಗ ಹೊತ್ತರು. ಕಡೀ ಐದು ಮೆಟ್ಟಲಾ ಇವರೇ ಎತಿಗೊಂಡ್ರು, ಮದವ್ಯಾಗ ಎತಿಗೊಂಡಾಂಗ."

"ಗೊತ್ತದವಾ. ಈಗ ಮಾತಾಡಬ್ಯಾಡ."

ಅದುವರೆಗೂ ನಾನು ಆಕೆಗೆ ಬಹುವಚನ ಬಿಟ್ಟು ಮಾತಾಡಿರಲಿಲ್ಲ.

ತೊಡೆಯ ಸಂದಿಗೆ ಔಷಧ ಹಚ್ಚಿ ಒರೆಸಿದರೆ ಹತ್ತಿ ಅರಿಸಿನದ ಬಣ್ಣಕ್ಕೇ ಬರುತ್ತಿತ್ತು. ಮೂರು ಸಲ ಒರೆಸಿದೆವು. ಅರಿವಳಿಕೆ ಡಾಕ್ಟರು ಉಸಿರಿನ ನಳಿಕೆ ಹಾಕಿದರು. ಸರ್ಜನ್ ಕೈ ತೊಳೆದು ಬಾಗಿಲಲ್ಲಿ ನಿಂತಿದ್ದರು. ಮೊದಲು ನೀನು ರಕ್ತ ನಿಲ್ಲಿಸು, ಹೊಟ್ಟೆ ತೆರೆದರೆ ನನಗೆ ಏನೂ ಕಾಣುವುದಿಲ್ಲ ಎಂದರು. ನಾನು ಲಿವರಿನ ಮುಖ್ಯ ರಕ್ತನಾಳಕ್ಕೆ ಹೋಗಿ ಬಣ್ಣ ಬಿಟ್ಟೆ. ಎಲ್ಲಿಯೂ ಸೋರುವುದು ಕಾಣಲಿಲ್ಲ. ಹೋದ ವರ್ಷ ನಾನೇ ಮುಚ್ಚಿದ ಎರಡು ಕವಲು ಮುರಿದ ಕೊಂಬೆಗಳ ಹಾಗೆ ಅಲ್ಲಲ್ಲೇ ನಿಂತಿದ್ದವು. ಒಂದೊಂದೇ ಕವಲಿಗೆ ಹೋಗಿ ನೋಡಿದೆ. ಇಲ್ಲ. "ಮ್ಯಾಡಮ್, ಬೀಪಿ ಸಾಠ," ಎಂದ ಟೆಕ್ನಿಷಿಯನ್. ಅರವತ್ತು. ಮತ್ತೆ ಬಣ್ಣ. ಇಲ್ಲ. "ಮ್ಯಾಡಮ್, ಪನ್ನಾಸ." ಐವತ್ತು.

ಆಗ ಹೊಳೆಯಿತು. ಮುಂಬಾಗಿಲು ಮುಚ್ಚಿದರೆ ಗಂಟು ಹಿತ್ತಲಿನಿಂದ ರಕ್ತ ಎಳೆದುಕೊಳ್ಳುತ್ತದೆ. ಅದು ವಪೆಗೆ ಅಂಟಿಕೊಂಡಿತ್ತಲ್ಲ. ಲಿವರಿನ ನಾಳ ಬಿಟ್ಟು ವಪೆಗೆ ಹೋಗುವ ಸಣ್ಣ ರಕ್ತನಾಳ ಹುಡುಕಿದೆ. ಸಹಜವಾಗಿ ಕೂದಲೆಳೆಯಷ್ಟು ಇರಬೇಕಾದ್ದು ಪೆನ್ಸಿಲ್ಲಿನ ಕಡ್ಡಿಯಷ್ಟಾಗಿತ್ತು. ಬಣ್ಣ ಬಿಟ್ಟ ಕೂಡಲೇ ಅದರ ತುದಿಯಿಂದ ಕಪ್ಪಗೆ ಹೊಟ್ಟೆಯೊಳಕ್ಕೆ ಸುರಿಯುವುದು ಕಂಡಿತು. ತೆಳ್ಳಗಿನ ನಳಿಕೆ ಒಳಗೆ ತಳ್ಳಿ ಅಂಟು ಬಿಟ್ಟು ಮುಚ್ಚಿದೆ. "ನಿಂತಿತು!" ಎಂದು ಕನ್ನಡದಲ್ಲೇ ಕೂಗಿದೆ. ಯಾರಿಗೂ ಅನುವಾದ ಬೇಕಾಗಲಿಲ್ಲ. ಆದರೆ ಸರಿಯಾದ ನಾಳ ಸಿಗುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು, ಅದಕ್ಕೂ ಮುಂಚೆ ರಸ್ತೆಯಲ್ಲಿ ಎರಡು ತಾಸು.

ಸರ್ಜನ್ ಹೊಟ್ಟೆ ತೆರೆದು ರಕ್ತ ತೆಗೆದರು, ಬಟ್ಟೆ ತುರುಕಿ ಒತ್ತಿ ಕಟ್ಟಿದರು. ಚೀಲದ ಮೇಲೆ ಚೀಲ ರಕ್ತ ಕೊಟ್ಟೆವು. ಮಂಗಳವಾರ ಮೂತ್ರಪಿಂಡ ನಿಂತವು. ರಕ್ತ ಹೆಪ್ಪುಗಟ್ಟುವ ಗುಣವೇ ಹೋಗಿ, ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ಒಸರತೊಡಗಿತು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಹೃದಯ ನಿಂತಿತು. ಎದೆ ಒತ್ತಿದವರಲ್ಲಿ ನಾನೂ ಒಬ್ಬಳು, ಅದು ನನ್ನ ಕೆಲಸವಲ್ಲದಿದ್ದರೂ.

ಗಂಡನಿಗೆ ನಾನೇ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ, "ಕ್ಯಾನ್ಸರ್ ಅಲ್ಲ ಅಂದಿದ್ರಿ?" ಅಂದ. ಸಿಟ್ಟಿನಿಂದಲ್ಲ. ತಾನೇ ಏನೋ ತಪ್ಪು ಕೇಳಿಸಿಕೊಂಡಿದ್ದೆನೇನೋ ಅನ್ನುವ ಹಾಗೆ.

ಆಕೆಯ ವಸ್ತುಗಳನ್ನು ಮನೆಯವರಿಗೆ ಒಪ್ಪಿಸುವ ಮುಂಚೆ ನರ್ಸ್ ಒಂದು ಚೀಟಿಗೆ ನನ್ನ ಸಹಿ ಕೇಳಿದಳು. ಬಳೆ, ಕಾಲುಂಗುರ, ಮೊಬೈಲು, ಒಂದು ಸಣ್ಣ ಪರ್ಸು. ಪರ್ಸಿನಲ್ಲಿ ಭಂಡಾರದ ಪೊಟ್ಟಣ, ಒಣಕೊಬ್ಬರಿ ಚೂರು, ಒಂದು ಗುಳಿಗೆಯ ಪಟ್ಟಿ. "ಇದು ಯಾವ ಔಷಧ ಅಂತ ಬರೆಯಲಿ ಮ್ಯಾಡಮ್?" ಎಂದಳು. ಅರಿಸಿನ ಮೆತ್ತಿದ ಪಟ್ಟಿಯನ್ನು ಹೆಬ್ಬೆರಳಿನಿಂದ ಒರೆಸಿ ಓದಿದೆ. ಗರ್ಭನಿರೋಧಕ ಗುಳಿಗೆ. ಇಪ್ಪತ್ತೊಂದರಲ್ಲಿ ಮೂರು ಉಳಿದಿದ್ದವು.

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಪರೇಷನ್ ಆದವಳ ಪರ್ಸಿನಲ್ಲಿ ಅದು ಯಾಕೆ ಎಂದು ಬೇರೆ ಯಾರಾದರೂ ತಲೆ ಕೆಡಿಸಿಕೊಂಡಾರು. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮನೆಯಲ್ಲಿ ದೇವರ ಕಾರ್ಯವಿದ್ದಾಗ ಮುಟ್ಟು ಮುಂದಕ್ಕೆ ಹೋಗಲೆಂದು ನಮ್ಮ ಕಡೆಯ ಹೆಂಗಸರು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ. ಒಮ್ಮೊಮ್ಮೆ ಅಂಗಡಿಯವನು ಬೇರೆಯದು ಕೊಡುತ್ತಾನೆ, ಒಮ್ಮೊಮ್ಮೆ ಇದನ್ನೇ ಕೊಟ್ಟು ನಡುವೆ ಬಿಡದೆ ನುಂಗಿ ಅನ್ನುತ್ತಾನೆ. ಡಾಕ್ಟರ ಚೀಟಿ ಕೇಳುವವರಿಲ್ಲ.

ಆ ದಿನ ಮನೆಗೆ ಹೋಗಿ ಪಂಚಾಂಗ ತೆಗೆದು ಆಕೆಯ ಫಿಲ್ಮುಗಳ ತಾರೀಕು ಪಕ್ಕಕ್ಕೆ ಇಟ್ಟೆ. ಶ್ರಾವಣದಿಂದ ಚಂಪಾಷಷ್ಠಿವರೆಗೆ ಹಬ್ಬದ ಸಾಲು. ಅದರ ಕೊನೆಗೆ ಮೊದಲ ಸಲ ರಕ್ತ. ಪುಷ್ಯ, ಮಾಘ, ದೇವರ ಕಾರ್ಯ ಕಡಿಮೆ, ಗಂಟು ಕುಗ್ಗಿದೆ. ಮತ್ತೆ ಶ್ರಾವಣ, ಗೌರಿ ಗಣಪತಿ, ನವರಾತ್ರಿ, ದೀಪಾವಳಿ, ಗಂಟು ಎದ್ದಿದೆ. ಆಮೇಲೆ ನಾನು ಕೊಟ್ಟ ಮೂರು ವಾರ. ಗುಳಿಗೆಯೇ ಒಡೆಸಿತು ಎಂದು ಆಣೆ ಮಾಡಿ ಹೇಳಲಾರೆ, ಅಂಥ ಗಂಟು ತಾನಾಗಿಯೂ ಒಡೆಯುತ್ತದೆ. ಕುಗ್ಗಿದ ಕೀರ್ತಿ ನನ್ನ ಮಣಿಗಳದೋ ಗುಳಿಗೆ ನುಂಗದ ತಿಂಗಳುಗಳದೋ ಅದೂ ಗೊತ್ತಿಲ್ಲ. ಆದರೆ ಆ ಗಂಟಿಗೆ ನಾನು ಒಂದು ಕಡೆಯಿಂದ ಅನ್ನ ನಿಲ್ಲಿಸುತ್ತ ಕೂತಾಗ ಇನ್ನೊಂದು ಕಡೆಯಿಂದ ಬಡಿಸುತ್ತಲೇ ಇದ್ದರು, ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಾದವಳು ನಾನು.

ಸಾವಿನ ಕಾರಣ ಚರ್ಚಿಸುವ ಮೀಟಿಂಗಿನಲ್ಲಿ ಎಲ್ಲವನ್ನೂ ಹೇಳಿದೆ. ದಿನ ಮುಂದೂಡಿದ್ದು ನಾನೇ ಎಂದೂ ಹೇಳಿದೆ. ಸರ್ಜನ್ ಬೈಯಲಿಲ್ಲ. ಆಪರೇಷನ್ ಆದವಳನ್ನು ತಾನೂ ಆ ಪ್ರಶ್ನೆ ಮತ್ತೆ ಕೇಳುತ್ತಿರಲಿಲ್ಲ ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅವರು ಗಂಡಸು, ಮೇಲಾಗಿ ನಮ್ಮ ಹೆಂಗಸರ ರೂಢಿ ಗೊತ್ತಿಲ್ಲದವರು. ನನಗೆ ಆ ರಿಯಾಯಿತಿ ಇಲ್ಲ.

ತಿಂಗಳ ಮೇಲೆ ಅತ್ತೆ ಒಬ್ಬರೇ ಬಂದರು. ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಗುಳಿಗೆಯ ಪಟ್ಟಿಗಳನ್ನಿಟ್ಟರು. ಐದಾರು ಇದ್ದವು, ಕೆಲವು ಅರ್ಧ ಖಾಲಿ.

"ದೇವರ ಜಗಲಿ ಮ್ಯಾಲೆ ಇದ್ದವ್ರಿ. ಆಸ್ಪತ್ರಿಯವರು ನನ್ನ ಮಗಗ ಏನೋ ಕೇಳಿದ್ರಂತ, ಇವು ಯಾಕ ತಗೋತಿದ್ರು ಅಂತ. ಇದರಿಂದ ಆತೇನ್ರಿ?"

"ಇದ್ದರೂ ಇರಬಹುದ್ರಿ. ಖಚಿತ ಹೇಳಾಕ ಬರೂದಿಲ್ಲ."

ಅವರು ಪಟ್ಟಿಗಳನ್ನು ಒಂದೊಂದಾಗಿ ಸಾಲಿಗೆ ಜೋಡಿಸಿದರು. ಅಳಲಿಲ್ಲ. "ಊರಾಗ ಹಿತ್ತಲದಾಗ ಒಂದ ಖೋಲಿ ಇತ್ರಿ. ಕಡಿಗಿ ಆದಾಗ, ಮುಟ್ಟಿನ ದಿನಾ, ಅಲ್ಲೇ ಕೂಡತಿದ್ವಿ, ನಾಕು ದಿನ ಆರಾಮ. ಇಲ್ಲೆ ಒಂದು ಖೋಲಿ, ಒಂದು ಅಡಗಿಮನಿ. ದೇವರು ಅಡಗಿಮನ್ಯಾಗ. ಆಕಿ ಎಲ್ಲೆ ಕೂಡಬೇಕ್ರಿ? ದೀಪಾ ಯಾರು ಹಚ್ಚಬೇಕು, ನೈವೇದ್ಯ ಯಾರು ಮಾಡಬೇಕು, ನನಗ ಮಣಕಾಲ ಮಡಚಾಕ ಬರೂದಿಲ್ಲ. ಮೊದಲ ನಾನೇ ತಂದ ಕೊಟ್ಟೆ. ಆಮ್ಯಾಲ ಆಕಿನೇ ತರತಿದ್ಲು."

"ನಿಮ್ಮ ತಪ್ಪಲ್ರಿ," ಅಂದೆ.

"ನೀವು ಹೇಳಿದ್ದು ಒಂದೂ ಬಿಟ್ಟಿಲ್ರಿ ನಾವು." ಅವರು ಚೀಲದಿಂದ ಆ ನೋಟುಬುಕ್ಕು ತೆಗೆದು ಪಟ್ಟಿಗಳ ಪಕ್ಕಕ್ಕಿಟ್ಟರು. ಮೊಮ್ಮಗಳ ದುಂಡನೆಯ ಅಕ್ಷರ. ಬದನೀಕಾಯಿ, ಬಾಳೆಹಣ್ಣು, ಕೊಡಪಾನ, ಮೆಟ್ಟಿಲು, ಕೆಳಗೆ ನನ್ನ ಸಹಿ. "ಬದನೀಕಾಯಿ ಕೇಳಿದೆ ನಾ. ಇದು ಕೇಳಬೇಕಂತ ನನಗ ಹೊಳಿಲಿಲ್ಲ. ನಾ ಹಳ್ಳಿ ಹೆಂಗಸು. ನೀವು ಓದಿದವ್ರು, ಮ್ಯಾಲೆ ನಮ್ಮ ಕಡೇವ್ರು. ನಮ್ಮ ಮನ್ಯಾಗ ಹ್ಯಾಂಗ ನಡೀತದ ಅನ್ನೂದು ನಿಮಗ ಗೊತ್ತಿಲ್ಲೇನ್ರಿ? ನೀವ್ಯಾಕ ಕೇಳಲಿಲ್ಲ?"

ಉತ್ತರ ನನ್ನ ಹತ್ತಿರ ಇತ್ತು, ಆ ಸ್ಟೂಲಿನ ಮೇಲೆ ಕೂತ ಗಳಿಗೆಯಿಂದ ಇತ್ತು. ಮೀಟಿಂಗಿನಲ್ಲಿ ಅದೊಂದನ್ನು ಮಾತ್ರ ಹೇಳಿರಲಿಲ್ಲ.

"ಯಾಕಂದ್ರ ನಾನೂ ತಗೊಂಡೀನ್ರಿ," ಅಂದೆ. "ತಮ್ಮನ ಮದುವ್ಯಾಗ, ಇಲ್ಲಿ ಮನಿ ವಾಸ್ತುಶಾಂತಿಗೆ, ವರ್ಷಾ ನವರಾತ್ರಿಗೆ. ಆಮ್ಯಾಲ ಎಲ್ಲೆರೆ ಫಾರ್ಮಿನ್ಯಾಗ ಗುಳಿಗಿ ತಗೋತೀರೇನು ಅಂತ ಕೇಳಿದ್ರ ಇಲ್ಲ ಅಂತ ಬರದೀನಿ. ನನಗೂ ಅದು ಔಷಧ ಅನ್ನಿಸಿರಲಿಲ್ಲ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನಿಮಗೇನೂ ಆಗಲಿಲ್ಲೇನ್ರಿ?"

"ಇಲ್ರಿ," ಅಂದೆ. "ನನಗೇನೂ ಆಗಲಿಲ್ಲ."